ಆಯುಧಪೂಜೆಗೆ ನಿಂತ ಪೆಟ್ಟಿಗೆ

ತುಮಕೂರಿನಲ್ಲಿ ಪುಟ್ಟರಂಗದಾಸರು ಎಂಬ ಹರಿಕಥೆ ವಿದ್ವಾಂಸರಿದ್ದರು. ಅವರು ದನಿ ಎತ್ತಿದರೆ ಪೆಂಡಾಲಿನ ಹಿಂದೆ ಬೋಂಡ ಕರಿಯುವವನೂ ಒಲೆ ಸಣ್ಣ ಮಾಡಿ ಕೇಳುತ್ತಿದ್ದ. ದಾಸರು ತೀರಿಕೊಂಡ ಮೇಲೆ ಅವರ ಕಥೆಗಳು ಉಳಿದದ್ದು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದೋ, ಬ್ಯಾಟರಿ ಸತ್ತು, ಫ್ಯಾನು ಗೊರಗೊರ ಅನ್ನುವ ಮುದಿ ಜೀವ. ಆಫ್ ಮಾಡಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂದು ಯಾರೂ ಅದನ್ನು ಆಫ್ ಮಾಡುತ್ತಲೇ ಇರಲಿಲ್ಲ. ದಾಸರ ಹೆಂಡತಿ ಅಲಮೇಲಮ್ಮ ದಿನಾ ಮಧ್ಯಾಹ್ನ ಅದರ ಮುಂದೆ ಕೂತು ಗಂಡನ ದನಿ ಕೇಳುತ್ತಿದ್ದರು.

ಇನ್ನು ತಡಮಾಡಿದರೆ ಅಪ್ಪನ ದನಿ ಕೈಬಿಟ್ಟು ಹೋಗುತ್ತದೆ ಎಂದು ಕಿರಿಯ ಮಗ ಪ್ರಹ್ಲಾದನಿಗೆ ಭಯ ಹತ್ತಿತು. ಅವನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಮನೆಗೊಂದು ಪೆಟ್ಟಿಗೆ ತಂದ. ಫೈಲ್ ಸರ್ವರ್ ಅಂತಾರಲ್ಲ, ಅದೇ. ಕಥೆಗಳೆಲ್ಲ ಅದರೊಳಗೆ ಭದ್ರವಾಗಿರುತ್ತವೆ, ಮನೆಯವರು ತಮ್ಮ ತಮ್ಮ ಫೋನಿನಲ್ಲೇ ಕೇಳಬಹುದು. ಪೆಟ್ಟಿಗೆಯೇನೋ ಬಂತು. ಅದನ್ನು ಆಳುವ ಆಪರೇಟಿಂಗ್ ಸಿಸ್ಟಂ ಯಾವುದು? ಅಲ್ಲಿ ಶುರುವಾಯಿತು ನೋಡಿ ತಲೆನೋವು.

ಅಳೆದೂ ಸುರಿದೂ ಕಡೆಗೆ ಎರಡು ಉಳಿದವು. ಒಂದು ಹಳೆಯದು, ಸಾದಾ. ನೋಡೋದಕ್ಕೆ ಅಂದವಿಲ್ಲ, ಆದರೆ ಕರೆಂಟು ಹೋಗಿ ಬಂದರೆ ತಾನೇ ಎದ್ದು ಕೆಲಸಕ್ಕೆ ಕೂರುತ್ತದೆ. ಇನ್ನೊಂದು ಹೊಸದು, ಭಾರೀ. ಡಿಸ್ಕುಗಳನ್ನೆಲ್ಲ ಒಂದೇ ನೊಗಕ್ಕೆ ಕಟ್ಟುತ್ತದೆ, ಬಣ್ಣಬಣ್ಣದ ನಕ್ಷೆ ತೋರಿಸುತ್ತದೆ. ಸ್ನೇಹಿತರು ನೋಡಿದರೆ ಭೇಷ್ ಅನ್ನಬೇಕು! ಅದಕ್ಕಿದ್ದದ್ದು ಒಂದೇ ಕಟ್ಟಳೆ: ಹೇಳದೆ ಕೇಳದೆ ಕರೆಂಟು ತೆಗೆಯಕೂಡದು.

"ನಮ್ಮನೆಗೆ ಹಳೇದೇ ಸಾಕಲ್ವಾ?" ಅಂದರು ಅತ್ತಿಗೆ ಇಂದುಮತಿ.

"ನಿಮಗೆ ಗೊತ್ತಾಗಲ್ಲ ಅತ್ತಿಗೆ. ಇನ್ವರ್ಟರ್ ಇದೆಯಲ್ಲ, ಕರೆಂಟಿನ ಚಿಂತೆ ಯಾಕೆ?" ಎಂದು ಪ್ರಹ್ಲಾದ ಹೊಸದನ್ನೇ ಹಾಕಿದ. ಇನ್ವರ್ಟರ್ ನೆನಪಿತ್ತು ಮಹಾರಾಯನಿಗೆ. ಮನೆಯಲ್ಲಿ ಅಮ್ಮ ಇದ್ದಾರೆ ಅನ್ನೋದೇ ಮರೆತುಹೋಗಿತ್ತು.

ಆ ಮನೆಯದೊಂದು ಪದ್ಧತಿ. ಆಯುಧಪೂಜೆಯ ದಿನ ದುಡಿಯುವ ಸಾಮಾನು ಯಾವುದೂ ದುಡಿಯಬಾರದು. ದಾಸರಿದ್ದಾಗ ಚಿಟಿಕೆ, ತಂಬೂರಿ ಮಣೆಯೇರಿದವೆಂದರೆ ಆವತ್ತು ಯಾರು ಕರೆದರೂ ಕಥೆಗೆ ಹೋಗುತ್ತಿರಲಿಲ್ಲ. ಈಳಿಗೆಮಣೆ, ಮಿಕ್ಸಿ, ಸ್ಕೂಟರು, ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ರಜ. ಆ ದಿನ ಬೆಳಿಗ್ಗೆಯೇ ಪ್ರಹ್ಲಾದ ಲ್ಯಾಪ್‌ಟಾಪಿನಿಂದ ಪೆಟ್ಟಿಗೆಗೆ ಕಥೆಗಳ ನಕಲು ಹಾಕಿ, ಬೂದುಗುಂಬಳಕಾಯಿ ತರಲು ಪೇಟೆಗೆ ಹೋದ.

ಬಂದು ನೋಡುತ್ತಾನೆ, ಪೆಟ್ಟಿಗೆಗೆ ಅರಿಶಿನ ಕುಂಕುಮ, ತಲೆಯ ಮೇಲೆ ಸೇವಂತಿಗೆ. ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗು ಗೋಡೆಯಿಂದ ಕಿತ್ತು ನೆಲದ ಮೇಲೆ.

"ಅಯ್ಯೋ ಅಮ್ಮಾ! ಏನು ಮಾಡಿದೆ?"

"ಪೂಜೆ ಮಾಡಿದೆ ಕಣೋ. ಪಾಪ, ಬಂದಾಗಿನಿಂದ ಗುಯ್ ಅಂತ ದುಡೀತಾನೇ ಇದೆ. ಇವತ್ತೊಂದಿನ ಅದೂ ಉಸಿರಾಡಲಿ."

ಪ್ರಹ್ಲಾದ ಓಡಿಹೋಗಿ ಪ್ಲಗ್ ಸಿಗಿಸಿದ. ಪೆಟ್ಟಿಗೆಯ ಪರದೆಯ ಮೇಲೆ ಬರೀ ಕೆಂಪಕ್ಷರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಂದು ಡಿಸ್ಕಿಗೂ ಇನ್ನೊಂದಕ್ಕೂ ತಾಳಮೇಳವಿಲ್ಲ. ಪೆಟ್ಟಿಗೆ ಹಾಳಾಗಿ ಹೋಗಲಿ, ಮತ್ತೆ ಕಟ್ಟಬಹುದು. ಆದರೆ ಲ್ಯಾಪ್‌ಟಾಪು? ಅದನ್ನೂ ಅದೇ ಬೋರ್ಡಿಗೆ ಸಿಗಿಸಿತ್ತು, ಅಮ್ಮನಿಗೆ ಅದು ಗೊತ್ತಿರಲಿಲ್ಲ. ಅದೂ ಆರಿಹೋಗಿತ್ತು.

ಬಟನ್ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಊಹುಂ. ಅವನ ಮುಖ ನೋಡಿ ಅಲಮೇಲಮ್ಮನಿಗೆ ಅರ್ಥವಾಯಿತು. ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಕೆಳಗಿಟ್ಟರು.

"ಅವರ ದನಿ ಹೋಯ್ತೇನೋ? ನಾನೇ ನನ್ನ ಕೈಯಾರೆ..."

"ಸ್ವಲ್ಪ ತಾಳಿ ಅತ್ತೆ, ಅದರ ಬಿಸಿ ಆರಲಿ," ಅಂದರು ಇಂದುಮತಿ. ಒಲೆಯ ಮೇಲಿದ್ದ ಪಾಯಸ ತಳ ಹಿಡಿದರೂ ಯಾರೂ ಏಳಲಿಲ್ಲ.

ಕಡೆಗೆ ಪ್ರಹ್ಲಾದ ಕಣ್ಣುಮುಚ್ಚಿ ಇನ್ನೊಮ್ಮೆ ಒತ್ತಿದ. ಗೊರ್... ಗೊರಗೊರ... ಪರದೆ ಬೆಳಗಿತು. ಕಥೆಗಳು ಒಂದೂ ಬಿಡದೆ ಹಾಗೇ ಇದ್ದವು. ಪ್ರಹ್ಲಾದ ಇದ್ದಲ್ಲೇ ನೆಲಕ್ಕೆ ಕೂತುಬಿಟ್ಟ. ಹೋದ ಜೀವ ಬಂದಂತಾಯಿತು ಅವನಿಗೆ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವನಿಗೇ ಗೊತ್ತಿರಲಿಲ್ಲ.

ಜೀವ ಬಂದದ್ದೇ ತಡ, ಸಿಟ್ಟೂ ಬಂತು. "ಅಮ್ಮಾ, ಇನ್ನು ಮೇಲೆ ಈ ಪ್ಲಗ್ ಮುಟ್ಟಿದರೆ ನೋಡು!"

ಇಂದುಮತಿ ತಡೆದರು. "ಅಮ್ಮನ ಮೇಲೆ ಯಾಕೆ ರೇಗ್ತೀಯ? ಇವತ್ತು ಅವರು ಪೂಜೆಗೆ ಕಿತ್ತರು. ನಾಳೆ ನಾನು ಇಸ್ತ್ರಿ ಪೆಟ್ಟಿಗೆಗೆ ಕೀಳ್ತೀನಿ. ನಮ್ಮನೆ ಇರೋದೇ ಹೀಗೆ. ಇಂಥ ಮನೇಲಿ ಬಾಳೋ ಅಂಥದ್ದನ್ನು ತರಬೇಕಾಗಿತ್ತು ನೀನು."

ನಿಜ ತಾನೇ? ಪ್ರಹ್ಲಾದ ಆರಿಸಿದ್ದು ಸ್ನೇಹಿತರ ಕಣ್ಣಿಗೆ, ಅಮ್ಮನ ಕಿವಿಗಲ್ಲ.

ಹಬ್ಬ ಕಳೆದ ಮೇಲೆ ಹೊಸದನ್ನು ತೆಗೆದು ಹಳೆಯ ಸಾದಾ ಸಿಸ್ಟಂ ಹಾಕಿದ. ಈ ಸಲ ಅಪ್ಪನ ಕಥೆ ಮುಟ್ಟಲಿಲ್ಲ. ಕಳೆದುಹೋದರೂ ಬೇಸರವಿಲ್ಲದ ಯಾವುವೋ ಹಾಡು ತುಂಬಿಸಿ, ಅಮ್ಮನನ್ನು ಕರೆದ.

"ಪೆಟ್ಟಿಗೆಯ ಪ್ಲಗ್ ಕೀಳಮ್ಮ."

"ಬೇಡಪ್ಪಾ! ಆವತ್ತು ಆಗಿದ್ದೇ ಸಾಕು."

"ನೀನೇ ಕೀಳಬೇಕು. ಈ ಮನೇಲಿ ನಿನಗಿಂತ ದೊಡ್ಡ ಪರೀಕ್ಷೆ ಯಾವುದಿದೆ?"

ಅಮ್ಮ 'ನಾರಾಯಣ' ಎಂದು ಕಿತ್ತರು. ಸಿಗಿಸಿದರು. ಪೆಟ್ಟಿಗೆ ತಾನೇ ಎದ್ದಿತು, ಹಾಡೆಲ್ಲ ಸರಿಯಾಗಿತ್ತು. ಮತ್ತೆ ಕಿತ್ತರು, ಮತ್ತೆ ಎದ್ದಿತು. ಬರಬರುತ್ತಾ ಅಮ್ಮನಿಗೆ ಹುರುಪು ಬಂದು, ಮಗ ಸಾಕು ಅಂದರೂ ಬಿಡಲಿಲ್ಲ. ಆಮೇಲೆಯೇ ದಾಸರ ಕಥೆಗಳು ಪೆಟ್ಟಿಗೆ ಸೇರಿದವು. ಇನ್ನೊಂದು ಪ್ರತಿ ಪ್ರಹ್ಲಾದನ ಅಕ್ಕನ ಮನೆಗೂ ಹೋಯಿತು.

ಮುಂದೊಂದು ಮಧ್ಯಾಹ್ನ ಅಮ್ಮ ಗಜೇಂದ್ರಮೋಕ್ಷ ಕೇಳುತ್ತಿದ್ದರು. ಬೆಳಗಿನಿಂದ ಕರೆಂಟಿಲ್ಲದೆ ಇನ್ವರ್ಟರೂ ಬರಿದಾಯಿತು. ಮೊಸಳೆ ಕಾಲು ಹಿಡಿದ ಹೊತ್ತಿಗೆ ಸರಿಯಾಗಿ ದಾಸರ ದನಿ ನಿಂತಿತು. ಅಮ್ಮ ಗಾಬರಿಯಾಗದೆ ಫೋನ್ ಹಿಡಿದುಕೊಂಡು ಕರೆಂಟಿಗೆ ಕಾದರು. ಪ್ರಹ್ಲಾದನೂ ಓದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ.

ಬಹಳ ಹೊತ್ತಿನ ಮೇಲೆ ಕರೆಂಟು ಬಂತು. ಪೆಟ್ಟಿಗೆ ಗುಯ್ ಅಂದಿತು. ಅಮ್ಮ ಫೋನ್ ಒತ್ತಿದರು. ನಿಂತಲ್ಲಿಂದಲೇ ದಾಸರು ಗಜೇಂದ್ರನ ಮೊರೆ ಹಾಡತೊಡಗಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಯ ಕಡೆ ಕೂಗಿದರು:

"ಇಂದೂ, ಬಂದ್ರು ಕಣೇ!"

ನೀತಿ: ನಾಲ್ಕು ಜನ ಮೆಚ್ಚುವುದನ್ನಲ್ಲ, ನಿಮ್ಮ ಮನೆಯವರ ರೀತಿಯನ್ನೂ ಮರೆವನ್ನೂ ತಾಳಿಕೊಳ್ಳುವುದನ್ನು ಆರಿಸಿ. ಅದನ್ನೂ ಮೊದಲು ಬೀಳಿಸಿ ನೋಡಿ. ತಾನೇ ಎದ್ದರೆ ಮಾತ್ರ ಕಳೆದುಕೊಳ್ಳಲಾಗದ್ದನ್ನು ಅದರ ಕೈಗೆ ಕೊಡಿ.