ದಾರಿ ಬಿಟ್ಟ ಸಿನಿಮಾ

ಮೂರು ಗಂಟೆಯ ಸಿನಿಮಾವೊಂದು ಮೀಸೆ ತಿರುವುತ್ತಾ ಗೋಡೆಯ ರೌಟರ್ ಡಬ್ಬಿಯೊಳಗೆ ನುಗ್ಗಿತು. ಹಿಂದೆಯೇ ಪಶುವೈದ್ಯರ ಫೋನಿನ ಮಾತೊಂದು ಓಡಿಬಂತು.

"ರಾಯರೇ, ತುಸು ನಿಲ್ಲಿ. ಮಾತು ಮೊದಲು ಹೋಗಲಿ," ಎಂದಿತು ರೌಟರ್.

"ಏನಯ್ಯಾ! ಪಡಸಾಲೆಯಲ್ಲಿ ಕರಿಬಸಪ್ಪ ನನ್ನ ಅರ್ಧ ಮುಗಿಸಿ, ಉಳಿದರ್ಧಕ್ಕೆ ಕಾದು ಕೂತಿದ್ದಾನೆ. ನಾನು ನಿಂತರೆ ಮನೆ ಹಾರಿಹೋಗುವಂತೆ ಕೂಗಾಡುತ್ತಾನೆ!"

"ಅಣ್ಣಾ, ಕೊಟ್ಟಿಗೆಯಲ್ಲಿ ಹಸು ಈಯುತ್ತಿದೆ, ಕರು ಹೊಟ್ಟೆಯಲ್ಲೇ ಅಡ್ಡ ಸಿಕ್ಕಿದೆ," ಎಂದಿತು ಮಾತು. "ಕರಿಬಸಪ್ಪನ ಸೊಸೆ ಅದರ ಕಾಲು ಹಿಡಿದು ಎಳೆಯಲಿದ್ದಾಳೆ. 'ಎಳೆಯಬೇಡಮ್ಮ' ಅನ್ನೋ ಮಾತು ನಾನು. ತಡವಾಗಿ ಹೋಗಿ ಏನು ಮಾಡಲಿ?"

ಸಿನಿಮಾ ಗೊಣಗುತ್ತಲೇ ಹೊಟ್ಟೆ ಎಳೆದುಕೊಂಡು ಪಕ್ಕಕ್ಕೆ ಸರಿಯಿತು. ಮಾತು ಹಾರಿಹೋಯಿತು, ಕರು ಬದುಕಿತು.

ಬೈಸಿಕೊಳ್ಳಲು ಸಿದ್ಧವಾಗಿ ಸಿನಿಮಾ ಪಡಸಾಲೆಯ ಟಿವಿಗೆ ಬಂತು. ಕರಿಬಸಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

"ಯಾವಾಗಿನಿಂದ?" ಎಂದು ಟಿವಿಯನ್ನು ಕೇಳಿತು.

"ನಿಮ್ಮ ಮೊದಲ ಹಾಡಿನಿಂದ."

ಸಿನಿಮಾಗೂ ನಗು ಬಂತು. "ಪಾಪ, ಆ ಹಾಡಿಗೆ ನನಗೇ ಕಣ್ಣು ಎಳೆಯುತ್ತೆ!"