ಮೊಲಕ್ಕೆ ಹುಲಿಮುಖ

ಕಾಡಿನ ಪ್ರಾಣಿಗಳೆಲ್ಲ ಒಂದೇ ಬ್ಲಾಗಿನಲ್ಲಿ ಬರೆಯುತ್ತಿದ್ದವು. ಅದರ ಕೋಡ್ ಹೆಣೆಯುವುದು ಗೀಜಗನ ಕೆಲಸ. ಒಂದು ದಿನ ಮೊಲ ಬಂದು, "ನನ್ನ ಮುಖ ನೋಡಿ ಯಾರೂ ನನ್ನ ಮಾತಿಗೆ ಬೆಲೆ ಕೊಡುತ್ತಿಲ್ಲ. ಹೆಸರು, ಮುಖ ಎರಡನ್ನೂ ತೆಗೆದು ಹುಲಿಯ ಚಿತ್ರ ಹಾಕು," ಎಂದಿತು. ಗೀಜಗ ಕೋಡಿಗೊಂದು ಕೊಕ್ಕೆ ಸೇರಿಸಿ ಹುಲಿಮುಖ ತೂಗುಹಾಕಿತು. ಅದನ್ನು ಕಂಡು ಜಿಂಕೆ, ಇಲಿ, ಅಳಿಲು ಎಲ್ಲವೂ ಹುಲಿಮುಖವನ್ನೇ ಹಾಕಿಸಿಕೊಂಡವು.

ಆಮೇಲೊಂದು ದಿನ ನಿಜವಾದ ಹುಲಿ, "ನಾಳೆ ಕೆರೆಗೆ ಬರುತ್ತೇನೆ, ಎಚ್ಚರ!" ಎಂದು ಬರೆಯಿತು.

"ನೀನು ಯಾವ ಇಲಿಯಪ್ಪಾ?" ಎಂದು ಮೊಲ ಅದರ ಕೆಳಗೆ ಬರೆದು ಕೇಳಿತು. ಎಲ್ಲವೂ ನಕ್ಕವು.

ಹುಲಿ ಸಿಟ್ಟಿನಿಂದ ಗೀಜಗನ ಬಳಿ ಹೋಗಿ, "ನಾನೇ ಬೇರೆ ಎಂದು ಗೊತ್ತಾಗುವಂತೆ ಮಾಡು," ಎಂದಿತು.

"ಒಡೆಯರೇ, ಈಗ ಯಾರಿಗೂ ಬೇಡವಾಗಿ ಉಳಿದಿರುವ ಮುಖಗಳಲ್ಲಿ ಮೊದಲನೆಯದು ಮೊಲದ ಮುಖ."

"ಅದನ್ನೇ ಹಾಕು."

ಮರುದಿನ ಆ ಮುಖದಲ್ಲಿ ಹುಲಿ, "ಕೆರೆ ಬಳಿ ಇದ್ದೇನೆ," ಎಂದು ಬರೆಯಿತು. ಬಹಳ ದಿನಕ್ಕೆ ತನ್ನವರ ಮುಖ ಕಂಡ ಮೊಲ ಹಿಗ್ಗಿ ಅಲ್ಲಿಗೆ ಓಡಿತು. ಪೊದೆಯಾಚೆ ಪಟ್ಟೆ ಬಾಲ ಅಲ್ಲಾಡಿದ್ದೇ ತಡ, ತಿರುಗಿ ಓಡಿ ಗೀಜಗನ ಮರದಡಿ ಬಂದು ಬಿತ್ತು.

"ನನಗೆ ನನ್ನ ಮುಖವೇ ಸಾಕು, ವಾಪಸು ಕೊಡು!"

"ಅದನ್ನು ನಿನ್ನೆಯೇ ಕೊಟ್ಟುಬಿಟ್ಟೆನಲ್ಲ," ಎಂದಿತು ಗೀಜಗ. "ಬೇಕಿದ್ದರೆ ಹೋಗಿ ಹುಲಿರಾಯರನ್ನೇ ಕೇಳು."