ಎರಡು ಮೊಲೆ ಮನೆಗೆ, ಎರಡು ಮೊಲೆ ಕರುವಿಗೆ

ಒಂದಾನೊಂದು ಕಾಲದಲ್ಲಿ, ಚರ್ಚಿನ ಬೆಳಗಿನ ಗಂಟೆ ಹೊಡೆದರೆ ಜನಕ್ಕಿಂತ ಮೊದಲು ದನಗಳೇ ಎದ್ದು ನಿಲ್ಲುತ್ತಿದ್ದ ಕಾಲದಲ್ಲಿ, ಇನ್ನಾಸಪ್ಪ ಅಂತ ಒಬ್ಬ ಮುದುಕ ಇದ್ದನಂತೆ. ಅವನ ಮನೆ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆ, ಹಿಂದುಗಡೆ ಉದ್ದಾನುದ್ದ ಕೊಟ್ಟಿಗೆ, ಆ ಕೊಟ್ಟಿಗೆಯಲ್ಲಿ ಒಂದು ಅಡ್ಡಗೋಡೆಯೂ ಇಲ್ಲ. ಬೇರೆಯವರ ಮನೆಯಲ್ಲಿ ಹಸು ಒಂದು ಕಡೆ, ಕರು ಒಂದು ಕಡೆ ಕಟ್ಟುತ್ತಿದ್ದರೆ, ಇವನ ಮನೆಯಲ್ಲಿ ತಾಯಿ ಮಗು ಎರಡೂ ಒಂದೇ ಹುಲ್ಲಿನ ಮೇಲೆ ಮಲಗಬೇಕು. ಎರಡು ಮೊಲೆ ಮನೆಗೆ, ಎರಡು ಮೊಲೆ ಕರುವಿಗೆ, ದೇವರು ನಾಲ್ಕು ಕೊಟ್ಟಿರೋದೇ ಅದಕ್ಕೆ ಕಣ್ರೋ ಅಂತ ಮುದುಕ ಹೇಳುತ್ತಿದ್ದನಂತೆ.

ಅವನಿಗೆ ಮೂರು ಜನ ಗಂಡುಮಕ್ಕಳು. ದೊಡ್ಡವನು ದಾವಿದಪ್ಪ, ನಡುವಿನವನು ರಾಯಪ್ಪ, ಇಬ್ಬರೂ ಊರು ಬಿಟ್ಟು ಕದಲಿದವರಲ್ಲ. ಕಿರಿಯವನು ಚೌರಪ್ಪ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಮೂರು ಸಲ ಮನೆ ಬಿಟ್ಟು ಹೋದ, ಮೂರು ಸಲವೂ ಬರಿಗೈಲಿ ಬಂದ. ಮೂರನೇ ಸಲ ಬಂದಾಗ ಅಪ್ಪ ಎಲ್ಲಿದ್ದೆ ಏನು ಅಂತ ಒಂದೂ ಕೇಳದೆ, ಸಲೋಮಿ ಅನ್ನೋ ಗಬ್ಬದ ಹಸುವಿನ ಹಗ್ಗ ತಂದು ಅವನ ಕೈಗಿಟ್ಟು, ಇವಳನ್ನು ಸಾಕು, ಇವಳೂ ಇವಳ ಕರುವೂ ಚೆನ್ನಾಗಿದ್ದರೆ ಈ ಮನೆಯಲ್ಲಿ ನಿನಗೂ ಪಾಲು, ಇಲ್ಲದಿದ್ದರೆ ನಿನ್ನ ದಾರಿ ನಿನಗೆ ಗೊತ್ತೇ ಇದೆ ಅಂದನಂತೆ.

ಆಮೇಲೆ ಸಲೋಮಿ ಕರು ಹಾಕಿದಳು. ಹಣೆ ಮೇಲೆ ಬಿಳಿ ಬೊಟ್ಟಿನ ಹೆಣ್ಣು ಕರು. ಚೌರಪ್ಪನಿಗೆ ಹಿಗ್ಗೋ ಹಿಗ್ಗು. ಆದರೆ ಎರಡು ಮೊಲೆಯ ಹಾಲು ತಂಬಿಗೆಯಲ್ಲಿ ಹಿಡಿದು ಒಳಗೆ ಬಂದರೆ ದಾವಿದಪ್ಪ ಬಗ್ಗಿ ನೋಡಿ, ಏನ್ಲಾ ಚೌರ, ಬೆಕ್ಕಿಗೆ ತಂದ್ಯಾ ಅನ್ನೋನಂತೆ. ರಾಯಪ್ಪ, ಬಿಡಣ್ಣ, ಊರೂರು ಸುತ್ತಿ ನೀರು ಬೆರೆಸೋದು ಕಲಿತು ಬಂದಿದ್ದಾನೆ, ನಾಳೆ ಜಾಸ್ತಿ ಆಗುತ್ತೆ ಅನ್ನೋನಂತೆ. ನಗುನಗುತ್ತಾ ಅಂದ ಮಾತೇ, ಆದರೂ ಅದು ಇವನಿಗೆ ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಅದಕ್ಕೇ ಒಂದು ದಿನ ಮೂರನೇ ಮೊಲೆಗೂ ಕೈ ಹಾಕಿದ. ಇದೊಂದು ದಿನ ತಾನೇ ಅಂದುಕೊಂಡ. ಆಮೇಲೆ ನಾಲ್ಕನೆಯದಕ್ಕೂ ಹಾಕಿದ. ಆಮೇಲೆ, ಇವಳು ಕರುವಿಗೆ ಅಂತ ಹಾಲು ಕದ್ದಿಡುತ್ತಾಳೆ ಅಂತ, ಅಣ್ಣಂದಿರು ಹೊಲಕ್ಕೆ ಹೋದ ಮೇಲೆ ಕರುವನ್ನು ಎಳೆದುಕೊಂಡು ಹೋಗಿ ಬಣವೆ ಹಿಂದೆ ಕಟ್ಟಿದ. ಸೊರೆ ಬಿಡಿಸೋಕೆ, ಅಂದರೆ ಕೆಚ್ಚಲಿಗೆ ಹಾಲು ಇಳಿಸೋಕೆ ಮಾತ್ರ ಒಂದು ಸಲ ಬಾಯಿ ಹಚ್ಚಿಸೋದು, ಹಾಲು ಇಳಿಯುತ್ತಲೇ ಕತ್ತು ಹಿಡಿದು ಎಳೆಯೋದು. ಅಪ್ಪನಿಗೆ ಮಂಡಿ ನೋವು, ಕೊಟ್ಟಿಗೆ ಕಡೆ ಬರುತ್ತಿರಲಿಲ್ಲ. ತಂಬಿಗೆ ಹೋಗಿ ಬಿಂದಿಗೆ ಬಂತು. ಅಣ್ಣಂದಿರ ಬಾಯಿ ಮುಚ್ಚಿತು. ಹೊಗಳಿಸಿಕೊಂಡ ಹಾಲು ಬಲು ರುಚಿ ಮಗ, ಕುಡಿದಷ್ಟೂ ಕುಡಿಯಬೇಕು ಅನಿಸುತ್ತೆ.

ಒಂದು ಬೆಳಿಗ್ಗೆ ಬಣವೆ ಹಿಂದೆ ಹೋಗಿ ನೋಡಿದರೆ ಕರು ಕತ್ತು ಚಾಚಿ ಮಲಗಿತ್ತಂತೆ. ಎಬ್ಬಿಸಿದ, ಏಳಲಿಲ್ಲ. ಎತ್ತಿ ನಿಲ್ಲಿಸಿದ, ನಿಲ್ಲಲಿಲ್ಲ.

ಹೂಂ ಅನ್ನು ಮಗ, ಮುಖ ಹೊದ್ಕೋಬೇಡ, ಕತೆ ಇನ್ನೂ ಇದೆ.

ಸಂತ ಅಂತೋಣಿಯವರ ಹಬ್ಬ ಬೇರೆ ಹತ್ತಿರ ಬಂದಿತ್ತು. ಆ ಹಬ್ಬಕ್ಕೆ ಊರಿನ ದನಗಳೆಲ್ಲ ಚರ್ಚಿನ ಮುಂದೆ ಸಾಲು ನಿಲ್ಲಬೇಕು, ಕರು ಹಾಕಿದ ಹಸು ಕರುವಿನ ಜೊತೆಗೇ ಬರಬೇಕು, ಪಾದ್ರಿ ಸ್ವಾಮಿಗಳು ಮಂತ್ರಿಸಿದ ಉಪ್ಪುನೀರು ಚಿಮುಕಿಸಬೇಕು. ಅಪ್ಪನ ಮುಂದೆ ಹೋಗಿ ಸತ್ಯ ಹೇಳೋಕೆ ಚೌರಪ್ಪನಿಗೆ ನಾಲಿಗೆ ಏಳಲಿಲ್ಲ. ಊರೂರು ಸುತ್ತುವಾಗ ಪಟ್ಟಣದ ಹಾಲಿನವರ ಹತ್ತಿರ ಕಂಡಿದ್ದ ಕೆಲಸ ಮಾಡಿದ. ಕರುವಿನ ತೊಗಲು ಬಿಡಿಸಿ ಒಣಗಿಸಿ, ಒಳಗೆ ಹುಲ್ಲು ತುಂಬಿ, ದಬ್ಬಳದಲ್ಲಿ ಹೊಲಿದು ಸಲೋಮಿ ಮುಂದೆ ಇಟ್ಟ. ಪಾಪ, ಅವಳು ಮೂಸಿ, ನೆಕ್ಕಿ, ಮಗುವೇ ಅಂದುಕೊಂಡು ಸೊರೆ ಬಿಟ್ಟಳಂತೆ. ಹಾಲು ಕರೆಯುವಾಗ ಚೌರಪ್ಪ ಮುಖ ಆ ಕಡೆ ತಿರುಗಿಸಿಕೊಂಡು ಕೂರುತ್ತಿದ್ದನಂತೆ.

ಹಬ್ಬದ ದಿನ ಬಂತು. ಆ ಹುಲ್ಲಿನ ಕರುವಿಗೆ ಕಂಬಳಿ ಸುತ್ತಿ ಹೆಗಲ ಮೇಲೆ ಹೊತ್ತು, ಕಾಲು ಉಳುಕಿದೆ, ನಡೆಯೋಕಾಗಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದ. ಹೆಂಗಸರು, ನೋಡ್ರೇ, ಚರ್ಚಿನ ಪಟದಲ್ಲಿ ಕುರಿಮರಿ ಹೊತ್ತಿರೋ ಒಳ್ಳೇ ಕುರುಬನ ಹಾಗೇ ಹೊತ್ಕೊಂಡು ಬರ್ತಿದ್ದಾನೆ ಅಂದರಂತೆ. ಚರ್ಚಿನ ಮುಂದಿನ ಮರದ ಕೆಳಗೆ ಕೂತಿದ್ದ ಇನ್ನಾಸಪ್ಪ ಕಣ್ಣೊರೆಸಿಕೊಂಡನಂತೆ. ಆಗಲೇ ಭೂಮಿ ಬಾಯಿ ಬಿಟ್ಟಿದ್ದರೆ ಚೌರಪ್ಪ ಒಳಗೆ ಇಳಿದುಬಿಡುತ್ತಿದ್ದ.

ಸ್ವಾಮಿಗಳು ಬಂದರು, ಉಪ್ಪುನೀರು ಚಿಮುಕಿಸಿದರು. ಉಪ್ಪಿನ ವಾಸನೆಗೆ ಸಲೋಮಿ ಕತ್ತು ನೀಡಿ ಕರುವನ್ನು ನೆಕ್ಕಿದಳು, ನೆಕ್ಕಿದಳು, ಹೊಟ್ಟೆಯ ಹೊಲಿಗೆ ಬಿಟ್ಟುಕೊಂಡಿತು. ಹುಲ್ಲು ಹೊರಗೆ ಬಂತು. ಅವಳಿಗೆ ಹಸಿವು, ಅವಳಿಗೇನು ಗೊತ್ತು, ತನ್ನ ಮಗುವಿನ ಹೊಟ್ಟೆಯೊಳಗಿನ ಹುಲ್ಲನ್ನು ಎಳೆದೆಳೆದು ತಿಂದಳಂತೆ.

ಒಂದು ಮಗು ಕಿಸಕ್ಕನೆ ನಕ್ಕಿತು, ಅದರ ತಾಯಿ ಬಾಯಿ ಮುಚ್ಚಿದಳು. ಇನ್ನಾಸಪ್ಪ ಕೋಲೂರಿಕೊಂಡು ಎದ್ದು ಬಂದು, ಹೆಗಲ ಮೇಲಿನ ಟವಲು ತೆಗೆದು ಆ ಹುಲ್ಲಿನ ಕರುವಿನ ಮೇಲೆ ಹೊದಿಸಿ, ಸಲೋಮಿಯ ಹಗ್ಗ ಹಿಡಿದು ಮನೆ ಕಡೆ ನಡೆದನಂತೆ. ಮಗನ ಮುಖ ನೋಡಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚೌರಪ್ಪ ನೆಟ್ಟಗೆ ಊರ ಗಡಿಗೆ ನಡೆದ. ಅಲ್ಲೊಂದು ಕಲ್ಲಿನ ಶಿಲುಬೆ, ಅದನ್ನು ದಾಟಿದರೆ ಯಾರ ಕಣ್ಣಿಗೂ ಬೀಳಬೇಕಾಗಿಲ್ಲ. ಅಷ್ಟೊತ್ತಿಗೆ ಸಂಜೆ ಹಾಲು ಕರೆಯೋ ಹೊತ್ತಾಯಿತು. ಸಲೋಮಿಯ ಕೆಚ್ಚಲು ಬಿಗಿದಿರುತ್ತೆ, ಬೇರೆಯವರನ್ನು ಅವಳು ಹತ್ತಿರ ಸೇರಿಸಲ್ಲ ಅಂತ ನೆನಪಾಗಿ ಕಾಲು ಮುಂದಕ್ಕೆ ಏಳಲಿಲ್ಲವಂತೆ. ತಲೆ ತಗ್ಗಿಸಿ ವಾಪಸು ಬಂದ. ಜಗಲಿ ಮೇಲೆ ಕೂತಿದ್ದ ಅಪ್ಪ, ಊರು ಬಿಡೋದು ನಿನಗೆ ಬರೋ ಕೆಲಸ, ಮುಖ ತೋರಿಸೋದು ಬಾರದ ಕೆಲಸ, ಬಾರದ್ದನ್ನು ಕಲಿ, ಪಾಲಿನ ಮಾತು ಮಾತ್ರ ಎತ್ತಬೇಡ ಅಂದನಂತೆ.

ಕರೆಯೋಕೆ ಕೂತರೆ, ಎದುರಿಗೆ ಕರು ಕಾಣದೆ ಸಲೋಮಿ ಒಂದು ತೊಟ್ಟೂ ಬಿಡಲಿಲ್ಲ. ಆಗ ದಾವಿದಪ್ಪನ ಹೆಂಡತಿ ಲೂರ್ದಮ್ಮ ಮಡಿಲಲ್ಲಿ ಒಂದು ಬಡಕಲು ಕರು ತಂದಳು. ಅವರ ಪಾಲಿನ ಹಸು ಅವಳಿ ಹಾಕಿ, ಇದನ್ನು ಒದ್ದು ದೂರ ಮಾಡಿತ್ತಂತೆ. ತಗೋ ಚೌರಪ್ಪ, ಇದಕ್ಕೆ ತಾಯಿಲ್ಲ, ಅವಳಿಗೆ ಮಗುವಿಲ್ಲ, ಈ ಸಲ ತೊಗಲು ಗಿಗಲು ಹೊದಿಸೋಕೆ ಹೋಗಬೇಡ, ಇದ್ದ ಹಾಗೇ ಬಿಡು ಅಂದಳು. ಅವನು ಕಿವಿವರೆಗೂ ಕೆಂಪಾದ.

ಮೊದಲ ದಿನ ಸಲೋಮಿ ಕರುವನ್ನು ಒದ್ದಳು. ಎರಡನೇ ದಿನ ಕೊಂಬಿನಲ್ಲಿ ತಳ್ಳಿದಳು, ಚೌರಪ್ಪ ನಡುವೆ ನಿಂತು ಆ ಏಟೆಲ್ಲ ತಾನೇ ತಿಂದ, ಅರಳೆಯಲ್ಲಿ ಅದ್ದಿ ಅದ್ದಿ ಕರುವಿನ ಬಾಯಿಗೆ ಬೇರೆ ಹಸುವಿನ ಹಾಲು ಹಿಂಡಿದ. ಮೂರನೇ ದಿನ ಕರು ಹಸಿದು ಅಂಬಾ ಅಂದಿತು. ಸಲೋಮಿ ತಿರುಗಿ ಅದನ್ನು ತಲೆಯಿಂದ ಬಾಲದವರೆಗೂ ಮೂಸಿದಳು. ತನ್ನದಲ್ಲ ಅಂತ ಗೊತ್ತಾಯಿತು. ಗೊತ್ತಿದ್ದೂ ಸೊರೆ ಬಿಟ್ಟಳಂತೆ, ಮಗ. ಚೌರಪ್ಪ ಸಗಣಿ ಮೇಲೇ ಕೂತು ಅತ್ತನಂತೆ. ಆ ಕರು ದೊಡ್ಡದಾಗೋವರೆಗೂ ನಾಲ್ಕು ಮೊಲೆಯೂ ಅದಕ್ಕೇ ಬಿಟ್ಟ, ಮನೆಯಲ್ಲಿ ಯಾರೂ ಹಾಲು ಕೇಳಲಿಲ್ಲ, ಅವನೂ ಯಾರೆದುರೂ ತಲೆ ಎತ್ತಲಿಲ್ಲ.

ಮುಂದಿನ ಹಬ್ಬದ ಹೊತ್ತಿಗೆ ಸಲೋಮಿ ಇನ್ನೊಂದು ಕರು ಹಾಕಿದ್ದಳು. ಚೌರಪ್ಪ ಸಾಲಿನ ಕಟ್ಟಕಡೆಗೆ, ಎಲ್ಲರಿಗೂ ಬೆನ್ನು ಹಾಕಿ ನಿಂತ. ಸ್ವಾಮಿಗಳು ನೀರು ಹಿಡಿದುಕೊಂಡು ಅವನ ಹತ್ತಿರ ಬರೋ ಹೊತ್ತಿಗೆ ಕರು ಕೆಚ್ಚಲಿಗೆ ಬಾಯಿ ಹಾಕಿತ್ತಂತೆ. ಅವರು ಕೈ ಎತ್ತಿದರು. ಸ್ವಲ್ಪ ತಾಳಿ ಸ್ವಾಮಿ, ಕುಡೀತಾ ಇದೆ ಅಂದುಬಿಟ್ಟ ಚೌರಪ್ಪ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಸ್ವಾಮಿಗಳು ಕೈ ಇಳಿಸಿದರು, ಊರಿಗೆ ಊರೇ ಕಾದು ನಿಂತಿತು. ಆಗ ಮರದ ಕೆಳಗಿನಿಂದ ಇನ್ನಾಸಪ್ಪ, ನಿಧಾನಕ್ಕೆ ಆಗಲಿ ಸ್ವಾಮಿ, ನಮ್ಮ ಮನೇಲಿ ಮೂರನೇ ಪಾಲಿನವನ ಕರು ಅದು ಅಂದನಂತೆ.

ಆ ಕರು ಸಾಕಾಗೋವರೆಗೂ ಕುಡಿಯಿತು, ಅವರೆಲ್ಲ ಒಂದೇ ಸೂರಿನ ಕೆಳಗೆ ತಣ್ಣಗೆ ಬಾಳಿದರು. ಕರುವಿನ ಹೊಟ್ಟೆ ತುಂಬಿತು, ಕತೆಯೂ ಮುಗೀತು, ನೀನು ಮಗ್ಗುಲಾಗು.